ಬಾವು ಎಂಬ ಮಾತು

ಸ್ಟರ್ಲಿಂಗ್ ಹೈಟ್ಸ್‌ನ ನನ್ನ ಮನೆಯಿಂದ ಶಿಕಾಗೋದ ಒಂದು ಆಸ್ಪತ್ರೆಗೆ ಹತ್ತಿರ ಹತ್ತಿರ ಮುನ್ನೂರು ಮೈಲಿ. ದಾರಿಯಲ್ಲಿ ಒಂದು ಕಡೆ ನಿಂತು ಕಾಫಿ ಕುಡಿದರೆ ಐದು ತಾಸು ಬೇಕು. ಹದಿನಾರು ವರ್ಷ ಆ ದಾರಿಯಲ್ಲಿ ನಾನು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ ಬಂದಿದ್ದೇನೆ, ವರ್ಷಕ್ಕೆ ಎರಡು ಸಲ, ಡಾಕ್ಟರನ್ನು ನೋಡುವುದಕ್ಕೆ.

ನಾನಿರುವ ಡೆಟ್ರಾಯಿಟ್ ಸುತ್ತಮುತ್ತ ಡಾಕ್ಟರುಗಳಿಗೆ ಬರವಿಲ್ಲ. ನನ್ನ ತೊಂದರೆ ಇದ್ದದ್ದು ಅಲ್ಲಿಯೇ. ಅವರಲ್ಲಿ ಎಷ್ಟೋ ಜನ ನಮ್ಮವರು. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಸಾಲಿನಲ್ಲಿ ನನ್ನ ಮುಂದೆ ಹೃದಯದ ಡಾಕ್ಟರು, ಹಿಂದೆ ಕಿಡ್ನಿಯ ಡಾಕ್ಟರು, ಪಲ್ಯ ಬಡಿಸುತ್ತಿರುವವರು ರಕ್ತದ ಡಾಕ್ಟರು. ಅವರು ಯಾರೂ ಬಾಯಿಬಿಡುವವರಲ್ಲ, ಅದು ನನಗೂ ಗೊತ್ತಿತ್ತು. ಆದರೆ ಅವರ ಕಣ್ಣುಗಳನ್ನು ಏನು ಮಾಡುವುದು? ನನ್ನ ಕೈಗೆ ಪ್ಲೇಟು ಕೊಡುವಾಗ ಅವರ ಕಣ್ಣು ಒಂದು ಕ್ಷಣ ಹೆಚ್ಚು ನಿಂತರೆ ಸಾಕು, ನಾನು ಕುಸಿದುಹೋಗುತ್ತಿದ್ದೆ.

ನನಗೆ ಎಚ್‌ಐವಿ ಇದೆ. ಈ ವಾಕ್ಯವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಹೇಗೆ ಬಂತು ಎಂಬುದನ್ನು ಬರೆಯುವುದಿಲ್ಲ. ಎಷ್ಟು ಮರುಕ ಪಡಬೇಕು, ಎಷ್ಟು ದೂರ ಸರಿಯಬೇಕು ಎಂದು ಗೊತ್ತು ಮಾಡಿಕೊಳ್ಳುವುದಕ್ಕೆ ಜನ ಆ ಪ್ರಶ್ನೆ ಕೇಳುತ್ತಾರೆ. ಅದು ಗೊತ್ತಾಗುವಷ್ಟರಲ್ಲಿ ನನ್ನ ಮದುವೆ ಮುರಿದಿತ್ತು, ಮಕ್ಕಳಿರಲಿಲ್ಲ, ನನಗೆ ಆಗ ಮೂವತ್ತೆಂಟು ವರ್ಷ. ಇಷ್ಟು ಸಾಕು.

ಗುಳಿಗೆ ಶುರುವಾಗಿ ಆರು ತಿಂಗಳಲ್ಲಿ ನನ್ನ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಯಿತು. ಅಂದಿನಿಂದ ಇಂದಿನವರೆಗೂ ಹಾಗೆಯೇ ಇದೆ. ನನ್ನಿಂದ ಯಾರಿಗೂ ತಗಲುವುದಿಲ್ಲ. ಪ್ಲಿಮತ್‌ನಲ್ಲಿ ಕಾರಿನ ಸೀಟುಗಳನ್ನು ಮಾಡಿಕೊಡುವ ಕಂಪನಿಯಲ್ಲಿ ನಾನು ಕ್ವಾಲಿಟಿ ಎಂಜಿನಿಯರ್. ಸೀಟಿನ ಹೊಲಿಗೆ ಬಿಚ್ಚಿದರೆ, ಫೋಮ್ ಕುಸಿದರೆ ಯಾಕೆ ಎಂದು ಹುಡುಕುವುದು ನನ್ನ ಕೆಲಸ. ಮೀಟಿಂಗುಗಳಲ್ಲಿ ಜೋರಾಗಿ ಮಾತಾಡುತ್ತೇನೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಚಿತ್ರಾನ್ನ ಮಾಡಿಕೊಂಡು ಹೋಗುತ್ತೇನೆ. ಕನ್ನಡದವರ ಜೊತೆ ಮಾತ್ರ ಒಂದೊಂದೇ ದಾರ ಬಿಡಿಸಿಕೊಂಡು ಬಂದೆ. ಒಬ್ಬ ಆಂಟಿ ಎರಡು ಸಲ ‘ಇನ್ನೂ ವಯಸ್ಸಿದೆ ಕಣಮ್ಮ, ಯಾರನ್ನಾದ್ರೂ ನೋಡೋಣ್ವಾ?’ ಎಂದು ಕೇಳಿದ್ದರು. ಮೂರನೆಯ ಸಲ ಕೇಳುವ ಮೊದಲೇ ನಾನು ಕೂಟಕ್ಕೆ ಹೋಗುವುದನ್ನು ನಿಲ್ಲಿಸಿದೆ. ಗದಗಿನಲ್ಲಿ ಅವ್ವ ತೀರಿಕೊಂಡ ಮೇಲೆ ಊರಿನ ಫೋನುಗಳೂ ಕಡಿಮೆಯಾದವು. ತಿಂಗಳುಗಟ್ಟಲೆ ನನ್ನ ಬಾಯಿಂದ ಒಂದು ಕನ್ನಡದ ಮಾತೂ ಹೊರಬೀಳದ ಕಾಲವೂ ಇತ್ತು. ಒಮ್ಮೆ ಹೆದ್ದಾರಿಯಲ್ಲಿ ಯಾರೋ ಅಡ್ಡ ಬಂದಾಗ ‘ಏ, ಕಣ್ಣಿಲ್ಲೇನು?’ ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಎರಡು ಚಳಿಗಾಲಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನಡೆಯುತ್ತಿದ್ದೆ. ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗೆ, ಮುಖಕ್ಕೆ ಗಾಳಿ. ಎದೆಯ ಮೇಲೆ ಯಾರೋ ಅಂಗೈ ಇಟ್ಟು ಒತ್ತಿದಂತಾಯಿತು. ಯಾರದೋ ಟ್ರಕ್ಕಿನ ಮೇಲೆ ಕೈಯೂರಿ ನಿಂತೆ. ಹಾದುಹೋಗುತ್ತಿದ್ದ ಸಹೋದ್ಯೋಗಿ ‘ಆರಾಮಾಗಿದ್ದೀಯಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆರಾಮು ಎಂದೆ. ಒತ್ತಡ ಇಳಿಯಿತು. ನಾಲ್ಕು ದಿನದ ಮೇಲೆ ಮತ್ತೆ ಬಂತು. ಯಾರಿಗೂ ಹೇಳದೆ ಮುನ್ನೂರು ಮೈಲಿ ಡ್ರೈವ್ ಮಾಡಿದೆ. ಅದು ಬುದ್ಧಿವಂತರು ಮಾಡುವ ಕೆಲಸವಲ್ಲ ಎಂದು ನನ್ನ ಡಾಕ್ಟರು ಆಮೇಲೆ ಬೈದರು.

ನನ್ನ ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು, ಯಾವಾಗಲೂ ಓಟಗಾರರ ಶೂ ಹಾಕಿಕೊಂಡಿರುತ್ತಾರೆ. ಸ್ಕ್ಯಾನಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಹೃದಯದ ಒಂದು ರಕ್ತನಾಳದ ಒಳಗೋಡೆ ದಪ್ಪಗಾಗಿತ್ತು. ಪೂರ್ತಿ ಮುಚ್ಚಿರಲಿಲ್ಲ, ಸ್ಟೆಂಟ್ ಬೇಕಿರಲಿಲ್ಲ.

‘ನಾನು ಸಿಗರೇಟು ಸೇದುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ವೈರಸ್ ಕೂಡ ಕಾಣುವುದಿಲ್ಲ ಅಂತ ನೀವೇ ಹೇಳಿದ್ದೀರಿ’ ಎಂದೆ.

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ವೈರಸ್ ಕಾಣುವುದಿಲ್ಲ, ಆದರೆ ಎಲ್ಲೋ ಮೂಲೆಗಳಲ್ಲಿ ಅಡಗಿದೆ. ಮೈಯನ್ನು ಕಾಯುವ ಬಿಳಿ ರಕ್ತಕಣಗಳಿಗೆ ಅದರ ಸುಳಿವು ಇದೆ. ಹಾಗಾಗಿ ಅವು ವರ್ಷಗಟ್ಟಲೆ ಎಚ್ಚರವಾಗಿಯೇ ಇರುತ್ತವೆ. ಎಚ್ಚರವಾಗಿದ್ದ ಕಣಗಳು ರಕ್ತನಾಳದ ಗೋಡೆಗೆ ಹೋಗಿ ಅಂಟಿಕೊಳ್ಳುತ್ತವೆ, ಕೆಲವು ಗೋಡೆಯ ಒಳಕ್ಕೂ ನುಗ್ಗುತ್ತವೆ. ಗೋಡೆ ಕೆರಳುತ್ತದೆ, ಅಲ್ಲಿ ಕೊಬ್ಬು ಸೇರುತ್ತದೆ. ನಮ್ಮಂಥವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಬೇಗ ಬರುವುದಕ್ಕೆ ಇದೂ ಒಂದು ಕಾರಣ. ಇನ್‌ಫ್ಲಮೇಶನ್, ಇನ್‌ಫ್ಲಮೇಶನ್ ಎಂದು ಅವರು ಆ ಅರ್ಧ ಗಂಟೆಯಲ್ಲಿ ಎಷ್ಟು ಸಲ ಹೇಳಿದರೋ.

ಕೊಲೆಸ್ಟರಾಲ್ ಗುಳಿಗೆ ಬರೆದುಕೊಟ್ಟರು. ಆಮೇಲೆ, ಇದೇ ವಿಷಯದ ಮೇಲೆ ತಮ್ಮ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಗಲಿದೆ, ವರ್ಷದಲ್ಲಿ ಐದು ಸಲ ಬಂದು ರಕ್ತ ಕೊಡಬೇಕು, ತೋಳಿನ ರಕ್ತನಾಳದ ಒಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದರಿಂದ ನನಗೆ ನೇರವಾಗಿ ಏನೂ ಲಾಭವಿಲ್ಲ ಎಂದರು. ತಕ್ಷಣ ಒಪ್ಪಿಕೊಂಡೆ. ವಿಜ್ಞಾನಕ್ಕೆ ನೆರವಾಗಲಿ ಎಂದು ಒಪ್ಪಿದೆ ಅಂತ ಫಾರ್ಮಿನಲ್ಲಿ ಬರೆದೆ. ಅದು ಸುಳ್ಳೇನಲ್ಲ. ಆದರೆ ಆ ಪರೀಕ್ಷೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಹತ್ತು ನಿಮಿಷ ನನ್ನ ತೋಳು ಹಿಡಿದಿರುತ್ತಾರೆ ಎಂದು ಅವರು ಹೇಳಿದಾಗ ನನ್ನೊಳಗೆ ಏನೋ ಅಲುಗಿತು. ನನ್ನನ್ನು ಯಾರಾದರೂ ಒಂದು ನಿಮಿಷಕ್ಕಿಂತ ಹೆಚ್ಚು ಮುಟ್ಟಿ ಎಷ್ಟು ವರ್ಷವಾಗಿತ್ತು ಎಂದು ನಾನು ಎಣಿಸಲು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಭೇಟಿ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಏಳೂವರೆಗೆ ಹಾಜರಾಗಬೇಕಿದ್ದರಿಂದ ಹಿಂದಿನ ಸಂಜೆಯೇ ಬಂದು ಎಲ್ಕ್ ಗ್ರೋವ್ ವಿಲೇಜಿನ ಒಂದು ಮೋಟೆಲಿನಲ್ಲಿ ಉಳಿದೆ. ಸುತ್ತ ಗೋದಾಮುಗಳು, ಲಾರಿಗಳು, ತಲೆಯ ಮೇಲೆ ವಿಮಾನಗಳು. ಅಲ್ಲಿ ಯಾರೂ ಯಾರನ್ನೂ ಗುರುತು ಹಿಡಿಯುವುದಿಲ್ಲ. ಅದಕ್ಕೇ ಆ ಜಾಗ ನನಗೆ ಇಷ್ಟ.

ಪರೀಕ್ಷೆ ಮಾಡುವವಳು ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಇಲ್ಲಿಯೇ ಹುಟ್ಟಿ ಬೆಳೆದವಳೆಂದು ಮಾತಿನಲ್ಲಿಯೇ ತಿಳಿಯುತ್ತಿತ್ತು. ನನ್ನ ಫೈಲಿನಲ್ಲಿ ಹೆಸರು ನೋಡಿದಳು, ಮುಖ ನೋಡಿದಳು, ಅವಳ ಕಣ್ಣು ಅರಳಿತು.

‘ಆಂಟಿ, ನೀವು ಕನ್ನಡನಾ?’

ನನ್ನ ಅಡ್ಡಹೆಸರು ನಮ್ಮ ಕಡೆಯೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ಮುನ್ನೂರು ಮೈಲಿ ದೂರ ಓಡಿಬಂದದ್ದು ಈ ಪ್ರಶ್ನೆಗೆ ಸಿಕ್ಕಿಬೀಳುವುದಕ್ಕಲ್ಲ. ಮುಖದ ಮೇಲೆ ಅರ್ಥವಾಗದ ನಗೆ ತಂದುಕೊಂಡು ‘ಸಾರಿ?’ ಎಂದೆ. ಅವಳು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ನಾನು ಮರಾಠಿ ಎಂದೆ.

‘ಓ, ಸಾರಿ!’ ಎಂದು ಅವಳು ನಕ್ಕು ನನ್ನ ತೋಳಿಗೆ ತಣ್ಣನೆಯ ಜೆಲ್ ಹಚ್ಚಿದಳು.

ಪರೀಕ್ಷೆ ಹೀಗೆ: ಮಂಕು ಬೆಳಕಿನ ಕೋಣೆಯಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಮಲಗಬೇಕು. ಆಮೇಲೆ ಮುಂಗೈಗೆ ಬಿ.ಪಿ. ನೋಡುವಂಥ ಪಟ್ಟಿ ಕಟ್ಟಿ ಐದು ನಿಮಿಷ ಬಿಗಿಯಾಗಿ ಗಾಳಿ ತುಂಬುತ್ತಾರೆ. ಕೈ ಮರಗಟ್ಟುತ್ತದೆ, ಬೆರಳು ತಣ್ಣಗಾಗುತ್ತವೆ. ಮೇಲ್ತೋಳಿನ ಮೇಲೆ ಅಲ್ಟ್ರಾಸೌಂಡಿನ ಹಿಡಿ ಒತ್ತಿಕೊಂಡು ಅವಳು ಪರದೆಯನ್ನೇ ನೋಡುತ್ತಿರುತ್ತಾಳೆ. ಪಟ್ಟಿ ಸಡಿಲಿಸಿದ ಕೂಡಲೇ ರಕ್ತ ನುಗ್ಗುತ್ತದೆ. ಒಳ್ಳೆಯ ರಕ್ತನಾಳ ಆ ಹೊಡೆತಕ್ಕೆ ಅಗಲವಾಗುತ್ತದೆ. ಕೆರಳಿದ ನಾಳಕ್ಕೆ ಅಷ್ಟು ಸಡಿಲವಾಗಲು ಬರುವುದಿಲ್ಲ. ಅವಳು ಅದನ್ನು ಅಳೆಯುತ್ತಾಳೆ.

ಆ ಇಪ್ಪತ್ತು ನಿಮಿಷದ ವಿಶ್ರಾಂತಿಯಲ್ಲಿ ಅವಳ ಫೋನ್ ನಡುಗಿತು. ಅಜ್ಜಿ ಊರಿಂದ ಬಂದಿದ್ದಾಳೆ, ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಎರಡು ನಿಮಿಷ ಮಾತಾಡಲೇ ಎಂದು ನನ್ನನ್ನು ಕೇಳಿದಳು. ಧಾರಾಳವಾಗಿ ಎಂದೆ. ಅವಳ ಎರಡೂ ಕೈ ರಕ್ತದ ನಳಿಕೆಗಳಿಗೆ ಚೀಟಿ ಅಂಟಿಸುತ್ತಿದ್ದವು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

‘ಏನ್ ಮಾಡಾಕತ್ತೀಯವಾ?’

ಬಾಗಲಕೋಟೆ ಕಡೆಯ ದನಿ. ನನ್ನ ಅವ್ವನ ದನಿಯಂತಿರಲಿಲ್ಲ, ಇನ್ನೂ ಒರಟು, ಇನ್ನೂ ಜೋರು. ಆದರೂ ನಮ್ಮ ಕಡೆಯ ಮಾತು. ಕಣ್ಣು ಮುಚ್ಚಿಕೊಂಡೆ.

‘ವರ್ಕಲ್ಲಿ ಇದೀನಿ ಅಜ್ಜಿ. ಲಂಚ್ ತಿಂದ್ರಾ?’

‘ಎಂಟು ಗಂಟೇಕ ಯಾರರ ಊಟಾ ಮಾಡ್ತಾರೇನ? ಇಲ್ಲಿ ಕಿಡಕ್ಯಾಗ ನಿಂತ್ ನೋಡಿದ್ರ ಒಂದ್ ನಾಯಿ ಸೈತ ಇಲ್ಲ ಬೀದ್ಯಾಗ. ಎಲ್ಲಾರೂ ಸತ್ತಾರೇನು ಅನ್ನಂಗ ಐತಿ.’

‘ಅಜ್ಜೀ! ಹಾಗೆ ಹೇಳ್ಬೇಡಿ. ಎಲ್ಲಾರು ಆಫೀಸ್ ಹೋಗಿದೆ.’

ಹೋಗಿದೆ ಅಲ್ಲ ಮಗಳೇ, ಹೋಗಿದ್ದಾರೆ ಎಂದು ತುದಿನಾಲಿಗೆಗೆ ಬಂತು. ನುಂಗಿಕೊಂಡೆ. ಹುಡುಗಿಯ ಕನ್ನಡ ಬೆಂಗಳೂರಿನದು, ಅಮ್ಮನಿಂದ ಬಂದದ್ದಿರಬೇಕು. ಎಲ್ಲ ಕಡೆ ಮುಗ್ಗರಿಸುತ್ತಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದ್ದರಿಂದ ಆ ಮುಗ್ಗರಿಸುವ ಕನ್ನಡವೇ ಅವರಿಬ್ಬರ ನಡುವೆ ಇದ್ದದ್ದು.

ಆ ದಿನ ಮಿಷಿಗನ್ನಿಗೆ ವಾಪಸು ಬರುವಾಗ ನಾನು ರೇಡಿಯೋ ಹಾಕಲಿಲ್ಲ. ಅಜ್ಜಿಯ ಮಾತನ್ನೇ ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಂಡೆ. ಅನ್ನಂಗ ಐತಿ. ಒಂದ್ ನಾಯಿ ಸೈತ ಇಲ್ಲ. ನಗು ಬಂತು. ಅರ್ಧ ದಾರಿಯ ಕಲಮಜೂ ಊರು ದಾಟುವಷ್ಟರಲ್ಲಿ ಅಳುತ್ತಿದ್ದೆ.

ಎರಡನೆಯ ಭೇಟಿ ಡಿಸೆಂಬರಿನ ಮೊದಲ ವಾರ. ನಾನು ರಕ್ತನಾಳಕ್ಕಿಂತ ಹೆಚ್ಚಾಗಿ ಆ ಫೋನಿಗಾಗಿ ಕಾದಿದ್ದೆ. ಬಂತು. ರೊಟ್ಟಿ ಸುಡಲು ಹೋಗಿ ಹೊಗೆಯ ಅಲಾರಂ ಹೊಡೆದುಕೊಂಡದ್ದು, ಅಜ್ಜಿ ಹೆದರಿ ಕೋಟಿಲ್ಲದೆ ಅಂಗಳಕ್ಕೆ ಓಡಿದ್ದು, ಎಲ್ಲ ವರದಿಯಾಯಿತು. ಆಮೇಲೆ ಅಜ್ಜಿ ಕೇಳಿದಳು:

‘ಅಲ್ಲಾ, ದಿನಾ ಹೋಗ್ತೀಯಲ್ಲಾ, ಅಲ್ಲಿ ಮಾಡೂ ಕೆಲಸರ ಏನು ನಿಂದು?’

ಹುಡುಗಿ ಚೀಟಿ ಅಂಟಿಸುವುದನ್ನು ನಿಲ್ಲಿಸಿ ಯೋಚಿಸಿದಳು. ‘ಅಜ್ಜಿ, ಬ್ಲಡ್ ಅಲ್ಲಿ ಸೆಲ್ಸ್ ಇರತ್ತೆ. ಪೋಲೀಸ್ ಥರ. ವೈರಸ್ ಬಂದ್ರೆ ಅವ್ರು ಫೈಟ್ ಮಾಡ್ತಾರೆ. ವೈರಸ್ ಕಮ್ಮಿ ಆದ್ರೂನೂ ಅವ್ರು ಫೈಟ್ ನಿಲ್ಸಲ್ಲ. ಬ್ಲಡ್ ಹೋಗತ್ತಲ್ಲ, ಪೈಪು? ಅದ್ರ ಗೋಡೆಗೆ ಹೋಗಿ ಸ್ಟಿಕ್ ಆಗ್ತಾರೆ. ಆಮೇಲೆ ಗೋಡೆ… ಗೋಡೆ ಇನ್‌ಫ್ಲೇಮ್ ಆಗತ್ತೆ. ಕನ್ನಡದಲ್ಲಿ ಏನದು? ಕೆಂಪಾಗಿ, ದಪ್ಪ ಆಗತ್ತಲ್ಲ?’

‘ಬಾವು.’

‘ಬಾವು?’

‘ಹೂಂ. ಬಾವು ಬರ್ತೈತಿ. ಮುಳ್ ನಟ್ಟಲ್ಲಿ ಬಾವು ಬರಂಗಿಲ್ಲೇನು, ಹಂಗ. ಒಳಗ ನರದಾಗೂ ಬರ್ತೈತೇನು ಮತ್ತ? ಪಾಪ.’

ಹದಿನಾರು ವರ್ಷ ನನ್ನ ಕಾಯಿಲೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದರ ಹೆಸರು, ಗುಳಿಗೆ, ಅಂಕಿ, ಭಯ, ಎಲ್ಲ. ನನಗೆ ಗೊತ್ತಿದ್ದ ಕನ್ನಡದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ಎದೆಯೊಳಗೆ ಆಗುತ್ತಿದ್ದದ್ದು ಬಾವು. ಚಿಕ್ಕಂದಿನಲ್ಲಿ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಾಗ ಅವ್ವ ಅರಿಶಿನ ಬಿಸಿ ಮಾಡಿ ಕಟ್ಟುತ್ತಿದ್ದಳಲ್ಲ, ಆ ಬಾವು. ಅಷ್ಟು ಸಣ್ಣ ಮಾತು, ಅಷ್ಟು ಮನೆಯ ಮಾತು. ಅದರ ಹಿಂದೆಯೇ ಬಂದ ‘ಪಾಪ’ವನ್ನು ಕೇಳಿ ನನಗೆ ಏನಾಯಿತೆಂದು ಹೇಳಲು ಈಗಲೂ ಬರುವುದಿಲ್ಲ. ಆಕೆ ನನ್ನನ್ನು ಕುರಿತೇ ಅಂದದ್ದು ಅದು. ಆಕೆಗೆ ಗೊತ್ತಿರಲಿಲ್ಲ, ಅಷ್ಟೇ.

‘ಯಾವ ರೋಗ ಅದು?’ ಎಂದು ಅಜ್ಜಿ ಕೇಳಿದಳು.

‘ಎಚ್‌ಐವಿ.’

ಅಜ್ಜಿಯ ದನಿ ಇಳಿಯಿತು. ‘ಏಡ್ಸೇನವಾ? ಅವರ್ನ ಮುಟ್ತೀಯೇನು ನೀ?’

‘ಮುಟ್ಟಿದ್ರೆ ಏನೂ ಆಗಲ್ಲ ಅಜ್ಜಿ. ನಿಜ. ಏನೇನೂ ಆಗಲ್ಲ.’

‘ಕೈಚೀಲಾ ಹಾಕ್ಕೊಂಡೀಯಿಲ್ಲೋ?’

ಹುಡುಗಿ ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡುತ್ತಿದ್ದೆ, ಮರಾಠಿಯವಳಂತೆ. ಅವಳು ಗ್ಲೌಸಿನ ವಿಷಯ ಅಲ್ಲಿಗೇ ಬಿಟ್ಟಳು. ಅಜ್ಜಿ ಮಾತು ತಿರುಗಿಸಿದಳು, ‘ರಕ್ತಾ ತಗೊಂಡ್ ಮ್ಯಾಲೆ ಉಣ್ಣಾಕ ಏನ್ ಕೊಡ್ತೀರಿ ಅವರಿಗೆ?’

‘ಬಿಸ್ಕೆಟ್. ಆ್ಯಪಲ್ ಜ್ಯೂಸ್.’

‘ಅಯ್ಯ ನಿಮ್ಮ! ಅಷ್ಟ್ ರಕ್ತಾ ತಗೊಂಡು ಬಿಸ್ಕೀಟಾ?’

ನಗು ತಡೆಯಲಾರದೆ ನಾನು ಕೆಮ್ಮಿದೆ. ಚಳಿಯಾಗುತ್ತಿದೆಯೇ ಎಂದು ಹುಡುಗಿ ಇನ್ನೊಂದು ಹೊದಿಕೆ ಹೊದಿಸಿದಳು.

ಜನವರಿ ಕೊನೆಯಲ್ಲಿ ಹೋದಾಗ ಮೇಜಿನ ಮೇಲೆ ಸ್ಟೀಲಿನ ಡಬ್ಬಿಯಿತ್ತು. ಪರೀಕ್ಷೆ ಮುಗಿದ ಮೇಲೆ ಹುಡುಗಿ ಅದನ್ನು ಸಂಕೋಚದಿಂದ ಮುಂದಿಟ್ಟಳು. ನನ್ನ ಅಜ್ಜಿ ಕಳಿಸಿದ್ದಾಳೆ, ಇಲ್ಲಿಗೆ ಬರುವ ಯಾರಿಗಾದರೂ ಕೊಡು ಅಂದಳು, ನೀವು ತಿನ್ನಲೇಬೇಕೆಂದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಒಳಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಮೊಸರು.

‘ಇದು ಏನು?’ ಎಂದು ಕೇಳಿದೆ. ಹಾಗೆ ಕೇಳಿದ್ದು ನಾನೇ.

ಅವಳು ವಿವರಿಸಿದಳು. ಇದು ಒಂದು ಬಗೆಯ ಬ್ರೆಡ್, ಇದು ಕಡಲೆಕಾಯಿಯದು, ಸ್ವಲ್ಪ ಖಾರ. ಮುರಿದು ಹೇಗೆ ಅದ್ದಬೇಕೆಂದು ತೋರಿಸಿದಳು, ತಪ್ಪಾಗಿ ತೋರಿಸಿದಳು. ಅವಳು ತೋರಿಸಿದ ಹಾಗೆಯೇ ತಪ್ಪಾಗಿ ತಿಂದೆ. ಪ್ರತಿ ತುತ್ತಿಗೂ ಹೊಸಬಳಂತೆ ಹುಬ್ಬೇರಿಸಿದೆ. ರೊಟ್ಟಿ ತಣ್ಣಗಾಗಿ ಸೆಟೆದಿತ್ತು. ಅದರ ಅಂಚಿನಲ್ಲಿ ಕಪ್ಪಗೆ ಸುಟ್ಟ ಒಂದು ಕಲೆಯಿತ್ತು. ಇಷ್ಟವಾಯಿತೇ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಮೋಟೆಲಿಗೆ ಬಂದು ಬ್ಯಾಗು ತುಂಬುವಾಗ ನನಗೆ ನನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಹಾಸಿಗೆಯ ಅಂಚಿನಲ್ಲಿ ಕೋಟು ಹಾಕಿಕೊಂಡೇ ಕೂತುಬಿಟ್ಟೆ. ಸುಳ್ಳು ಹೇಳಿದ್ದಕ್ಕಲ್ಲ. ನಾಲ್ಕು ತಿಂಗಳಿಂದ ಅವರಿಬ್ಬರ ಮಾತನ್ನು ನಾನು ಕದ್ದು ಕೇಳುತ್ತಿದ್ದೆ. ಆ ಹುಡುಗಿ ನನ್ನನ್ನು ನಂಬಿ ಸ್ಪೀಕರ್ ಹಾಕುತ್ತಿದ್ದಳು.

ಮುಂದಿನ ಸಲ ಹೇಳಿಬಿಡಬೇಕು ಎಂದುಕೊಂಡೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಒಂದೂ ಸರಿಹೋಗಲಿಲ್ಲ.

ನಾಲ್ಕನೆಯ ಭೇಟಿಯ ಹೊತ್ತಿಗೆ ಮಾರ್ಚ್ ತಿಂಗಳು ಹಿಡಿದಿತ್ತು, ಆದರೂ ಆ ದಿನ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕಾಯುವ ಕೋಣೆಯಲ್ಲಿ ನಾನೊಬ್ಬಳೇ ಅಂದುಕೊಂಡು ಕೂತಿದ್ದೆ. ನೋಡಿದರೆ ಮೂಲೆಯಲ್ಲಿ ಒಬ್ಬ ಮುದುಕಿ. ಇಳಕಲ್ ಸೀರೆಯ ಮೇಲೆ ಗಂಡಸರ ದಪ್ಪ ಜಾಕೆಟ್, ಕಾಲಲ್ಲಿ ಹುಡುಗಿಯರ ಹಿಮದ ಬೂಟು, ಹಣೆಯಲ್ಲಿ ವಿಭೂತಿ. ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮನೆಯ ಹೀಟರು ಕೆಟ್ಟುಹೋಗಿ, ಒಬ್ಬಳನ್ನೇ ಚಳಿಯಲ್ಲಿ ಬಿಡಲಾಗದೆ ಮೊಮ್ಮಗಳು ಜೊತೆಯಲ್ಲಿ ಕರೆತಂದಿದ್ದಳು ಎಂದು ಆಮೇಲೆ ತಿಳಿಯಿತು. ಹುಡುಗಿ ಆಗ ಒಳಗೆ ಲ್ಯಾಬಿನಲ್ಲಿದ್ದಳು.

ನಾನು ಪತ್ರಿಕೆಯೊಂದನ್ನು ಮುಖಕ್ಕೆ ಹಿಡಿದುಕೊಂಡೆ.

ಸ್ವಲ್ಪ ಹೊತ್ತಿಗೆ ಮುದುಕಿ ಎದ್ದು ರಿಸೆಪ್ಶನ್ ಮೇಜಿನ ಹತ್ತಿರ ಹೋದಳು. ಅಲ್ಲಿದ್ದ ಹೆಂಗಸಿಗೆ ಹೇಳಿದಳು, ‘ಒಂದಕ್ಕ ಹೋಗಬೇಕ್ರಿ.’ ಆ ಹೆಂಗಸು ಮುಗುಳ್ನಕ್ಕು ಕುರ್ಚಿ ತೋರಿಸಿದಳು. ‘ಕುಂದ್ರೂದಲ್ರಿ, ಒಂದಕ್ಕ.’ ಆ ಹೆಂಗಸು ಎದ್ದು ಹೋಗಿ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟಳು. ಮುದುಕಿ ಲೋಟವನ್ನು ನೋಡಿದಳು. ಬೂಟಿನೊಳಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿದಳು. ‘ಯವ್ವಾ, ಯಾರಿಗ್ ಹೇಳ್ಲಿ ಈಗ’ ಎಂದು ತನಗೆ ತಾನೇ ಅಂದುಕೊಂಡಳು. ಆ ದನಿಯಲ್ಲಿ ಅಳು ಬಂದಿತ್ತು.

ನಾನು ಎದ್ದೆ. ‘ಬರ್ರಿ, ಇಲ್ಲೈತಿ’ ಎಂದು ಅವಳ ಮೊಳಕೈ ಹಿಡಿದು ಕಾರಿಡಾರಿನ ಕೊನೆಗೆ ನಡೆಸಿಕೊಂಡು ಹೋದೆ. ಜಾಕೆಟ್ಟಿನ ಜಿಪ್ ಬಿಚ್ಚಿಕೊಟ್ಟೆ. ಬಾಗಿಲ ಹೊರಗೆ ನಿಂತೆ.

ಹೊರಗೆ ಬಂದವಳು ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ನೀ ನಮ್ಮಾಕಿನ! ಯಾ ಊರವಾ?’

‘ಗದಗ ರೀ.’

‘ಅಯ್ಯ, ನಮ್ ಬೀಗರು ಗದಗಿನವರ! ಇಲ್ಲ್ಯಾಕ ಬಂದೀ? ನೀನೂ ಡಾಕ್ಟರೇನು?’

ಹೌದು ಎನ್ನಬಹುದಿತ್ತು. ನನಗೆ ಸುಳ್ಳು ಅಷ್ಟು ಸಲೀಸಾಗಿತ್ತು. ‘ಇಲ್ರೀ. ರಕ್ತಾ ಕೊಡಾಕ ಬಂದೀನಿ’ ಎಂದೆ.

ಅವಳ ಕೈ ನನ್ನ ತೋಳಿನ ಮೇಲಿತ್ತು. ಅದು ಅಲ್ಲಿಂದ ಎದ್ದಿತು. ಇದನ್ನು ಬರೆಯದೆ ಬಿಡಬಾರದು. ಅವಳು ಕೈ ತೆಗೆದಳು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು, ಗೋಡೆ ನೋಡಿದಳು. ಎಪ್ಪತ್ತು ದಾಟಿದ ಜೀವ. ಅವಳು ಕೇಳಿಕೊಂಡು ಬಂದದ್ದು ಎಷ್ಟೋ. ನಾನು ಬೇಸರ ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕಾರಿಡಾರಿನಲ್ಲಿ ನಿಂತಷ್ಟು ಒಂಟಿಯಾಗಿ ನಾನು ಯಾವ ಹೆದ್ದಾರಿಯಲ್ಲೂ ಇರಲಿಲ್ಲ.

‘ಮೊಮ್ಮಗಳಿಗೆ ಹೇಳಬ್ಯಾಡ್ರಿ, ಆಕಿಗೆ ನಾ ಮರಾಠಿ ಅಂತ ಹೇಳೀನಿ’ ಎಂದೆ.

‘ಯಾಕ?’

‘ಹೆದರಿಕಿ ರೀ.’

ಅವಳು ಗೋಡೆಯ ಕಡೆಯೇ ಮುಖ ಮಾಡಿಕೊಂಡು ಕೇಳಿದಳು, ‘ರೊಟ್ಟಿ ತಿಂದಾಕಿ ನೀನೇನು?’

‘ಹೌದ್ರಿ.’

‘ಸುಟ್ಟಿದ್ದೂವಲ್ಲ? ಆ ಅಲಾರಂ ಹೊಡ್ಕೊತೈತಿ ಅಂತ ಗಡಿಬಿಡಿ ಮಾಡಿ ತೆಗದೆ.’

‘ಛಲೋ ಇದ್ದೂರಿ’ ಎಂದೆ. ಅಷ್ಟರಲ್ಲಿ ನನ್ನ ದನಿ ಒಡೆದಿತ್ತು. ಅವಳು ತಿರುಗಿ ನೋಡಿದಳು. ಕೈ ಮತ್ತೆ ಚಾಚಲಿಲ್ಲ. ಆದರೆ ಕಾಯುವ ಕೋಣೆಗೆ ಮರಳಿದಾಗ ಮೊದಲಿನ ಮೂಲೆಗೆ ಹೋಗದೆ, ನನ್ನಿಂದ ಒಂದು ಕುರ್ಚಿ ಬಿಟ್ಟು ಕೂತಳು. ಮಂಗಳವಾರ ಊರಿಗೆ ಹೊರಡುವುದನ್ನು, ವಿಮಾನದಲ್ಲಿ ಕಾಲು ಬಾಯುವುದನ್ನು ಹೇಳಿದಳು. ಹುಡುಗಿ ಬಾಗಿಲು ತೆರೆದು ನನ್ನ ಹೆಸರು ಕರೆಯುವಾಗ ಮಾತು ನಿಲ್ಲಿಸಿದಳು. ಒಳಗೆ ಹೋಗುವಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ದಿನ ನಾಡಿ ಯಾಕೆ ಇಷ್ಟು ಜೋರು ಹೊಡೆಯುತ್ತಿದೆ ಎಂದು ಹುಡುಗಿ ಹತ್ತು ನಿಮಿಷ ಹೆಚ್ಚು ಮಲಗಿಸಿದಳು.

ಐದನೆಯ ಭೇಟಿಗೆ ಹೋದದ್ದು ಜೂನಿನಲ್ಲಿ. ಫೋನ್ ಬರಲಿಲ್ಲ. ಊರಲ್ಲಿ ಆಗ ಸಂಜೆ, ಅಜ್ಜಿಗೆ ಅಲ್ಲಿ ಮಾತಾಡಲು ಜನರಿದ್ದಾರೆ. ಹುಡುಗಿ ಎಂದಿನಂತೆ ಜೆಲ್ ಹಚ್ಚಿದಳು, ಪಟ್ಟಿ ಕಟ್ಟಿದಳು. ನನ್ನ ಮುಷ್ಟಿ ಬಿಗಿಯಾಗಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು, ‘ಆಂಟಿ, ಕೈ ಲೂಸ್ ಬಿಡಿ.’

ಕನ್ನಡದಲ್ಲಿ. ನಾನು ಕೈ ಸಡಿಲ ಬಿಟ್ಟೆ.

ಪಟ್ಟಿ ಬಿಗಿದಿರುವ ಐದು ನಿಮಿಷ ಮಾತಾಡಬಾರದು ಎಂಬ ನಿಯಮವೇ ಇದೆ. ಪಟ್ಟಿ ಸಡಿಲವಾಯಿತು, ಬೆರಳುಗಳಿಗೆ ಬಿಸಿ ಬಂತು, ಅವಳು ಅಳೆಯುವುದನ್ನು ಮುಗಿಸಿ ದೀಪ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು.

‘ಅಜ್ಜಿ ಏನೂ ಹೇಳಿಲ್ಲ’ ಎಂದಳು. ‘ಪ್ರಾಮಿಸ್. ರಿಸೆಪ್ಶನ್ ಅವ್ರು ಹೇಳಿದ್ರು, ನೀವು ನಿಮ್ಮ ಲ್ಯಾಂಗ್ವೇಜಲ್ಲಿ ಅಜ್ಜಿಗೆ ಹೆಲ್ಪ್ ಮಾಡಿದ್ರಿ ಅಂತ. ನಾನು ಫೋನಲ್ಲಿ ಏನೇನೋ ಮಾತಾಡಿದೀನಿ ನಿಮ್ಮ ಮುಂದೆ. ಪೇಷಂಟ್ ಮುಂದೆ ಮಾತಾಡಬಾರ್ದಿತ್ತು. ನಂಗೆ ತುಂಬಾ… ಸಾರಿ, ಆಂಟಿ.’

‘ಸಾರಿ ಹೇಳಬೇಕಾದವಳು ನಾನಮ್ಮ’ ಎಂದೆ. ‘ಎಲ್ಲ ಕೇಳಿಸಿಕೊಂಡೆ. ಕೇಳಬೇಕು ಅಂತಲೇ ಬರ್ತಿದ್ದೆ.’

ಅವಳಿಗೆ ಅರ್ಥವಾಯಿತೋ ಇಲ್ಲವೋ. ಒಂದಷ್ಟು ಹೊತ್ತು ನನ್ನ ತೋಳಿನ ಜೆಲ್ ಒರೆಸಿದಳು, ಒರೆಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಾದರೂ. ಆಗಸ್ಟಿನಿಂದ ಬೇರೆ ರಾಜ್ಯದಲ್ಲಿ ಮೆಡಿಕಲ್ ಸ್ಕೂಲಿಗೆ ಹೋಗಲಿರುವುದಾಗಿ ಹೇಳಿದಳು. ಒಳ್ಳೆಯದಾಗಲಿ ಎಂದೆ. ಬಿಸ್ಕತ್ತಿನ ಪೊಟ್ಟಣ, ಜ್ಯೂಸು ಕೊಟ್ಟಳು. ಅಷ್ಟೇ. ಅವಳನ್ನು ಮತ್ತೆ ನೋಡಿಲ್ಲ.

ಸಂಶೋಧನೆಯ ಫಲಿತಾಂಶವನ್ನು ನಮ್ಮಂಥವರಿಗೆ ಒಬ್ಬೊಬ್ಬರದಾಗಿ ಹೇಳುವುದಿಲ್ಲ. ಗುಳಿಗೆ ನುಂಗುತ್ತಿದ್ದೇನೆ, ಎದೆಯ ಒತ್ತಡ ಈಚೆಗೆ ಬಂದಿಲ್ಲ. ಗೋಡೆಗೆ ಅಂಟಿದ ಕಣಗಳು ಸ್ವಲ್ಪವಾದರೂ ಕೈಬಿಟ್ಟಿವೆಯೋ ಇಲ್ಲವೋ ನನಗೆ ತಿಳಿಯದು.

ಕಳೆದ ಅಕ್ಟೋಬರಿನಲ್ಲಿ ನನ್ನ ಶಿಕಾಗೋ ಡಾಕ್ಟರು, ಹೃದಯಕ್ಕೆ ಏನಾದರೂ ಆದರೆ ಮುನ್ನೂರು ಮೈಲಿ ದೂರ ಕೂತ ನಾನು ಏನು ಮಾಡಲಿ, ಮನೆಯ ಹತ್ತಿರ ಒಬ್ಬರನ್ನು ನೋಡು ಎಂದು ಕಟ್ಟುನಿಟ್ಟಾಗಿ ಹೇಳಿದರು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿಯೇ, ನನ್ನ ಮನೆಗೆ ನಾಲ್ಕು ಮೈಲಿ ದೂರದಲ್ಲಿ, ಹೃದಯದ ಡಾಕ್ಟರೊಬ್ಬರ ಕ್ಲಿನಿಕ್ಕಿದೆ. ಬೋರ್ಡಿನ ಮೇಲೆ ಅಚ್ಚ ಕನ್ನಡದ ಹೆಸರು. ಅದರ ಮುಂದೆ ಹಾಯುವಾಗೆಲ್ಲ ನಾನು ವರ್ಷಗಟ್ಟಲೆ ಮುಖ ಬೇರೆ ಕಡೆ ತಿರುಗಿಸಿದ್ದೇನೆ. ಅಲ್ಲಿಗೇ ಹೋದೆ. ಒಳಗೆ ಕರೆದ ಮೇಲೆ, ಅವರು ನಮಸ್ಕಾರ ಎನ್ನುವ ಮೊದಲೇ, ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿಬಿಟ್ಟೆ, ‘ನನಗೆ ಎಚ್‌ಐವಿ ಇದೆ. ಹದಿನೇಳು ವರ್ಷ ಆಯ್ತು. ಹೃದಯದ ರಕ್ತನಾಳದಲ್ಲಿ ಬಾವು ಇದೆ.’

ಅವರು ಟೈಪ್ ಮಾಡಿಕೊಂಡರು. ‘ಯಾವ ಮಾತ್ರೆ ತಗೋತಿದೀರಿ?’ ಎಂದರು. ಹೇಳಿದೆ. ‘ಬಿ.ಪಿ. ನೋಡಿಕೊಳ್ತೀರ? ವಾಕ್ ಮಾಡ್ತೀರ?’ ಎಂದರು. ಸ್ಟೆತಾಸ್ಕೋಪಿನ ತಟ್ಟೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಬೆನ್ನಿಗಿಟ್ಟರು. ಹದಿನೈದು ನಿಮಿಷದಲ್ಲಿ ಮುಗಿಯಿತು. ಕಾರಿನಲ್ಲಿ ಬಹಳ ಹೊತ್ತು ಕೀಲಿ ತಿರುಗಿಸದೆ ಕೂತಿದ್ದೆ. ಇಷ್ಟಕ್ಕೆ ಅಷ್ಟು ಮೈಲಿಯೇ ಎಂದು ಅನ್ನಿಸಿದ್ದು ನಿಜ. ಅದರ ಜೊತೆಗೆ, ಕಳೆದ ವರ್ಷಗಳ ಬಗ್ಗೆ ಒಂದು ಸಿಟ್ಟೂ ಇತ್ತು. ಅದನ್ನು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಚಳಿಯಲ್ಲಿ ಹೊರಗೆ ನಡೆಯಬೇಡಿ, ಮಾಲಿನೊಳಗೆ ನಡೆಯಿರಿ ಎಂದು ಆ ಡಾಕ್ಟರು ಹೇಳಿದ್ದರು. ಶನಿವಾರ, ಭಾನುವಾರ ಅಂಗಡಿಗಳು ಬಾಗಿಲು ತೆರೆಯುವ ಮೊದಲು ಹೋಗುತ್ತೇನೆ. ಅಲ್ಲಿ ನನ್ನಂತೆ ನಡೆಯಲು ಬಂದ ವಯಸ್ಸಾದವರು ಇರುತ್ತಾರೆ, ಹೆಚ್ಚಿನವರು ಜೋಡಿಯಾಗಿ. ತಲೆಯಾಡಿಸುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಒಂದು ಸುತ್ತಿಗೆ ಮುಕ್ಕಾಲು ಮೈಲಿ. ಎರಡು ಸುತ್ತು ಸಲೀಸಾಗಿ ಆಗುತ್ತದೆ. ಮೂರನೆಯದಕ್ಕೆ ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಸ್ವಲ್ಪ ಕೂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ.